ಗುಜರಿಯವರೂ ಬೇಡ ಅಂದ ಫೈಬರ್ ದೋಣಿ

ಪ್ರಶ್ನೆ: ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿದೆ. ಕಾಕಾ ಮೀನು ಹಿಡಿಯಲು ಇಟ್ಟುಕೊಂಡಿದ್ದ 16 ಅಡಿಯ ಫೈಬರ್ ದೋಣಿ ಐದು ವರ್ಷದಿಂದ ಹಿತ್ತಲಲ್ಲಿ ಬಿದ್ದಿದೆ. ತಳ ಸೀಳಿದೆ. ಗುಜರಿಯವರು ಬೇಡ ಅಂದರು. ಟ್ರ್ಯಾಕ್ಟರ್ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಸುಟ್ಟುಬಿಡೋಣ ಅನ್ನುತ್ತಾರೆ ಕಾಕಾ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು ಸರ್?

ಉತ್ತರ: ಮೊದಲು ಕಾಕಾ ಅವರ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಳ್ಳಿ! ದೋಣಿಯಲ್ಲಿರುವುದು ಗಾಜಿನ ಎಳೆ ಮತ್ತು ಅದನ್ನು ಹಿಡಿದಿಟ್ಟ ರೆಸಿನ್ ಎಂಬ ಅಂಟು. ರೆಸಿನ್ ಉರಿದರೆ ಕಪ್ಪು, ವಿಷದ ಹೊಗೆ. ಗಾಜು ಸುಟ್ಟು ಹೋಗಲ್ಲ, ಪುಡಿಯಾಗಿ ಹಿತ್ತಲಲ್ಲೇ ಉಳಿಯುತ್ತದೆ. ಬಯಲಲ್ಲಿ ಕಸ ಸುಡುವುದು ಕಾನೂನಿಗೂ ವಿರುದ್ಧ. ಹಿನ್ನೀರಿಗೆ ತಳ್ಳಿಬಿಡೋಣ ಅಂತಲೂ ಯೋಚಿಸಬೇಡಿ. ಫೈಬರ್ ಮರದ ಹಾಗೆ ಕೊಳೆಯಲ್ಲ. ಮಳೆಗಾಲದಲ್ಲಿ ನೀರು ಅಣೆಕಟ್ಟಿನ ಪೂರ್ತಿ ಮಟ್ಟಕ್ಕೆ, ಅಂದರೆ ಸಮುದ್ರ ಮಟ್ಟದಿಂದ 519.60 ಮೀಟರಿಗೆ, ತುಂಬಿದಾಗ ಕಾಣದೇ ಹೋಗುತ್ತದೆ, ಬೇಸಿಗೆಯಲ್ಲಿ ನೀರು ಸರಿದಾಗ ಮತ್ತೆ ಮೇಲೆ ಬರುತ್ತದೆ. ಅಷ್ಟರಲ್ಲಿ ಎಷ್ಟು ಜನರ ಬಲೆ ಹರಿದಿರುತ್ತದೋ.

ಗುಜರಿಯವರು ಬೇಡ ಅಂದದ್ದರಲ್ಲಿ ತಪ್ಪಿಲ್ಲ. ಕಬ್ಬಿಣವನ್ನೋ ಪ್ಲಾಸ್ಟಿಕ್ ಬಿಂದಿಗೆಯನ್ನೋ ಕರಗಿಸಿದ ಹಾಗೆ ಇದನ್ನು ಮತ್ತೆ ಕರಗಿಸಲು ಬರಲ್ಲ. ಆದರೆ ದೋಣಿಯ ಮೈ ಬೇಡ ಅಂದವರೂ ಎಂಜಿನ್, ಅಲ್ಯೂಮಿನಿಯಂ, ಸ್ಟೀಲ್ ಬೋಲ್ಟ್ ಬೇಡ ಅನ್ನಲ್ಲ. ಮೊದಲು ಅವನ್ನೆಲ್ಲ ಬಿಚ್ಚಿ ಮಾರಿ. ಹಳೆ ಬ್ಯಾಟರಿ ಇದ್ದರೆ ಬ್ಯಾಟರಿ ಅಂಗಡಿಗೇ ಕೊಡಿ. ಪೆಟ್ರೋಲ್, ಆಯಿಲ್ ಡಬ್ಬಿಗೆ ಇಳಿಸಿಕೊಳ್ಳಿ, ನೆಲಕ್ಕೆ ಸುರಿಯಬೇಡಿ. ಬಾಡಿಗೆಗೆ ಬೇಕಾದ ದುಡ್ಡು ಸ್ವಲ್ಪ ಇಲ್ಲೇ ಹುಟ್ಟುತ್ತದೆ.

ಇನ್ನೊಂದು ಅನುಮಾನ ನನಗಿದೆ. ದೋಣಿ ನಿಜವಾಗಿ ಸತ್ತಿದೆಯಾ? ತಳದ ಸೀಳು ದೊಡ್ಡ ರೋಗವಲ್ಲ. ಗಾಜಿನ ಮ್ಯಾಟ್, ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಹಚ್ಚಿ ಅದನ್ನು ಮುಚ್ಚಬಹುದು. ಕೆಡುವುದು ಹೆಚ್ಚಾಗಿ ಹಿಂಭಾಗದ ಹಲಗೆ, ಅಂದರೆ ಎಂಜಿನ್ ಕೂರುವ ಜಾಗ. ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿರುತ್ತದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಹೋಗಿದೆ. ಗಟ್ಟಿ ಇದ್ದರೆ ದಂಡೆಯ ಮೀನುಗಾರರಿಗೆ ಪುಕ್ಕಟೆ ಕೊಡುತ್ತೇನೆ ಅನ್ನಿ. ಎರಡು ದಿನದಲ್ಲಿ ಅವರೇ ಹೊತ್ತುಕೊಂಡು ಹೋಗುತ್ತಾರೆ. ದೋಣಿಗೆ ನಂಬರ್ ಇದ್ದರೆ, ಅಥವಾ ಸರಕಾರದ ಸಹಾಯಧನದಲ್ಲಿ ಕೊಂಡಿದ್ದರೆ, ಮೊದಲು ಮೀನುಗಾರಿಕೆ ಇಲಾಖೆಗೆ ಹೇಳಿಬಿಡಿ.

ಪೂರ್ತಿ ಕೆಟ್ಟಿದ್ದರೆ ಬೋರಲು ಹಾಕಿ ಕೋಳಿಗೂಡಿಗೋ ಪಂಪ್‌ಸೆಟ್‌ಗೋ ಸೂರು ಮಾಡಬಹುದು. ಕೆಲವರು ಗ್ವಾದ್ಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಮಾಡುತ್ತಾರೆ. ನನಗೆ ಅದು ಸರಿ ಕಾಣಲ್ಲ. ಹಳೆ ಫೈಬರಿನಲ್ಲಿ ಎಳೆ ಎದ್ದಿರುತ್ತದೆ, ದನ ನೆಕ್ಕುತ್ತದೆ.

ಕಳಿಸಲೇಬೇಕಾದರೆ ಖರ್ಚು ತಗ್ಗುವುದು ಕತ್ತರಿಸಿದಾಗ. ಇಡೀ ದೋಣಿ ಟ್ರಾಲಿ ತುಂಬಾ ಗಾಳಿ ಹೊತ್ತು ಹೋದ ಹಾಗೆ. ಮೂರಡಿ ತುಂಡು ಮಾಡಿದರೆ ಒಂದರ ಮೇಲೊಂದು ಕೂರುತ್ತದೆ, ಬೇರೆ ಸಾಮಾನಿನ ಜೊತೆ ಒಂದೇ ಟ್ರಿಪ್ಪಿನಲ್ಲಿ ಹೋಗುತ್ತದೆ. ಆದರೆ ಧೂಳು ಕೆಟ್ಟದ್ದು. ಎನ್95 ಮಾಸ್ಕ್, ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಗ್ರೈಂಡರ್ ಓಡುವಾಗ ನೀರು ಸುರಿಯಬೇಡಿ, ಕರೆಂಟ್ ಹೊಡೆಯುತ್ತದೆ. ಕೈಗರಗಸವಾದರೆ ಜಾಗ ಒದ್ದೆ ಮಾಡಿಕೊಂಡು ಕೊಯ್ಯಬಹುದು. ನಿಧಾನ, ಆದರೆ ಧೂಳು ಕಡಿಮೆ. ಆಮೇಲೆ ಉಜ್ಜದೆ ತಣ್ಣೀರಲ್ಲಿ ಮೈ ತೊಳೆಯಿರಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಇಲ್ಲದಿದ್ದರೆ ಮನೆಯವರೆಲ್ಲ ಮೈ ಕೆರೆದುಕೊಳ್ಳಬೇಕಾಗುತ್ತದೆ.

ತುಂಡುಗಳು ಎಲ್ಲಿಗೆ ಅಂತೀರಾ? ಕೊಯ್ಯುವ ಮೊದಲೇ ಗ್ರಾಮ ಪಂಚಾಯಿತಿಯಲ್ಲೋ ಹತ್ತಿರದ ಪಟ್ಟಣದ ಕಸ ವಿಲೇವಾರಿ ಘಟಕದಲ್ಲೋ ಕೇಳಿ, ಒಪ್ಪಿಗೆ ಪಡೆಯಿರಿ. ಸಿಮೆಂಟ್ ಕುಲುಮೆ ಇದಕ್ಕೆ ಒಳ್ಳೆಯ ದಾರಿ. ಸುಮಾರು 1450 ಡಿಗ್ರಿಯಲ್ಲಿ ರೆಸಿನ್ ಇಂಧನವಾಗುತ್ತದೆ, ಗಾಜು ಕ್ಲಿಂಕರಿಗೆ, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳಿಗೆ, ಸೇರುತ್ತದೆ. ನಮ್ಮ ಜಿಲ್ಲೆಯಲ್ಲೇ ಸಿಮೆಂಟ್ ಕಾರ್ಖಾನೆಗಳಿವೆ, ಅಲ್ವಾ? ಆದರೆ ಒಂದು ದೋಣಿ ಹೇರಿಕೊಂಡು ಗೇಟಿಗೆ ಹೋದರೆ ಯಾರೂ ಒಳಗೆ ಬಿಡಲ್ಲ. ಹಾಗೆ ಸುಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕಸ ವಿಲೇವಾರಿ ಘಟಕದವರು ಆ ಕಾರ್ಖಾನೆಗಳಿಗೆ ಕಸ ಕಳಿಸುತ್ತಿದ್ದಾರಾ ಅಂತ ಕೇಳಿ. ಕಳಿಸುತ್ತಿದ್ದರೆ ನಿಮ್ಮ ತುಂಡುಗಳೂ ಅದರ ಜೊತೆ ಹೋಗಲಿ.