ಓದುಗರ ಪ್ರಶ್ನೆ: ಒಂದೇ ಐಪಿ ವಿಳಾಸಕ್ಕೆ ಇಬ್ಬರು ಹಕ್ಕುದಾರರು

ಪ್ರಶ್ನೆ: ನಮ್ಮ ಮನೆಯ ವೈ-ಫೈಗೆ ಎರಡು ಲ್ಯಾಪ್‌ಟಾಪ್, ನಾಲ್ಕು ಮೊಬೈಲ್, ಒಂದು ಟಿವಿ ಹಾಗೂ ಒಂದು ಪ್ರಿಂಟರ್ ಸೇರಿವೆ. ಆಗಾಗ, ಅದರಲ್ಲೂ ಏನಾದರೂ ಮುದ್ರಿಸಬೇಕಾದ ದಿನವೇ, ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಐಪಿ ವಿಳಾಸದ ಸಂಘರ್ಷ ಉಂಟಾಗಿದೆ ಎಂಬ ಸೂಚನೆ ಬಂದು ಇಂಟರ್ನೆಟ್ ನಿಂತುಹೋಗುತ್ತದೆ. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವು ದಿನ ಸರಿಯಿದ್ದು, ಆಮೇಲೆ ಮತ್ತೆ ಅದೇ ಪಾಡು. ಹೊಸ ರೌಟರ್ ಕೊಳ್ಳಬೇಕೆ?

ಉತ್ತರ: ಕೊಳ್ಳಬೇಕಾಗಿಲ್ಲ, ‘ಮುದ್ರಿಸಬೇಕಾದ ದಿನವೇ’ ಎಂಬ ನಿಮ್ಮ ಮಾತಿನಲ್ಲೇ ದೊಡ್ಡ ಸುಳಿವಿದೆ.

ಮನೆಯ ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಈ ವಿಳಾಸ ಹಂಚುವ ಕೆಲಸ ರೌಟರ್‌ನೊಳಗಿನ ಡಿಎಚ್‌ಸಿಪಿ ವ್ಯವಸ್ಥೆಯದು. ಅದು ಪ್ರತಿ ಸಾಧನಕ್ಕೂ ಒಂದು ವಿಳಾಸವನ್ನು ನಿರ್ದಿಷ್ಟ ಅವಧಿಯ ಗುತ್ತಿಗೆಗೆ ಕೊಟ್ಟು, ಯಾರಿಗೆ ಯಾವುದು ಎಂದು ಲೆಕ್ಕ ಇಟ್ಟುಕೊಳ್ಳುತ್ತದೆ. ಈ ಲೆಕ್ಕಕ್ಕೆ ಬಾರದೆ ಯಾವುದಾದರೂ ಸಾಧನ ತಾನೇ ಒಂದು ವಿಳಾಸವನ್ನು ಹಿಡಿದು ಕುಳಿತಾಗ ತಕರಾರು ಹುಟ್ಟುತ್ತದೆ. ನಿಮ್ಮ ಪ್ರಿಂಟರ್ ಅಳವಡಿಸಿದವರು ಅದರ ಮೆನುವಿನಲ್ಲಿ, ಉದಾಹರಣೆಗೆ 192.168.1.105 ಎಂಬ ವಿಳಾಸವನ್ನು ಕೈಯಾರೆ ಬರೆದಿಟ್ಟಿರುವ ಸಾಧ್ಯತೆ ಹೆಚ್ಚು. ಪ್ರಿಂಟರ್ ಆಫ್ ಆಗಿರುವ ಹೊತ್ತಿನಲ್ಲಿ ಆ ವಿಳಾಸ ಖಾಲಿ ಇದೆಯೆಂದೇ ರೌಟರ್ ಭಾವಿಸಿ ಅದನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ನೀವು ಪ್ರಿಂಟರ್ ಆನ್ ಮಾಡಿದೊಡನೆ ಎರಡೂ ಒಂದೇ ವಿಳಾಸದಲ್ಲಿ ಮುಖಾಮುಖಿಯಾಗುತ್ತವೆ. ರೌಟರ್ ಆಫ್ ಮಾಡಿ ಆನ್ ಮಾಡಿದಾಗ ಲ್ಯಾಪ್‌ಟಾಪ್‌ಗೆ ಬೇರೆ ವಿಳಾಸ ಸಿಕ್ಕರೆ ಜಗಳ ಮುಂದಕ್ಕೆ ಹೋಗುತ್ತದೆಯೇ ಹೊರತು ತೀರುವುದಿಲ್ಲ.

ಇದು ಊಹೆಯೋ ನಿಜವೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ಸೂಚನೆ ಬಂದಾಗ ಲ್ಯಾಪ್‌ಟಾಪ್‌ಗೆ ಸಿಕ್ಕಿರುವ ವಿಳಾಸವನ್ನು ಗುರುತು ಹಾಕಿಕೊಂಡು ಅದರ ವೈ-ಫೈ ಆರಿಸಿ, ಪ್ರಿಂಟರ್ ಚಾಲೂ ಇರಲಿ. ಎರಡನೆಯ ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ (ping) ಆದೇಶದ ಮುಂದೆ ಒಂದು ಜಾಗ ಬಿಟ್ಟು ಆ ವಿಳಾಸವನ್ನು ಬರೆದು ಎಂಟರ್ ಒತ್ತಿರಿ. ಉತ್ತರ ಬಂದರೆ ಮತ್ತೊಬ್ಬ ಹಕ್ಕುದಾರ ಇರುವುದು ಖಚಿತ. ಬಾರದಿದ್ದರೂ ನಿರಾಶರಾಗಬೇಡಿ, ಏಕೆಂದರೆ ಕೆಲವು ಸಾಧನಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ. ಆನಂತರ ಎಆರ್‌ಪಿ ಎಂಬ ಆದೇಶದ ಮುಂದೆ ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಗೂ ‘ಎ’ ಅಕ್ಷರ ಸೇರಿಸಿ (arp -a) ಎಂಟರ್ ಒತ್ತಿದರೆ ವಿಳಾಸಗಳ ಪಟ್ಟಿ ಬರುತ್ತದೆ. ಅದರಲ್ಲಿ ಆ ಐಪಿಯ ಪಕ್ಕದಲ್ಲಿರುವ ಹನ್ನೆರಡು ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವನ್ನು (ಸಾಧನದ ಯಂತ್ರಾಂಶದ ಗುರುತು) ಪ್ರಿಂಟರ್‌ನ ಹಿಂಬದಿಯ ಚೀಟಿಯ ಜೊತೆಗೋ ಅದರ ನೆಟ್‌ವರ್ಕ್ ಮಾಹಿತಿ ಪುಟದ ಜೊತೆಗೋ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ಕಳ್ಳ ಸಿಕ್ಕಂತೆ.

ಪರಿಹಾರಕ್ಕೆ ಮೊದಲು ಪ್ರಿಂಟರ್‌ನ ಮೆನುವಿನಲ್ಲಿ ವಿಳಾಸವನ್ನು ‘ಸ್ವಯಂಚಾಲಿತ’ ಎಂಬುದಕ್ಕೆ ಬದಲಿಸಿ. ಬಳಿಕ ಬ್ರೌಸರ್‌ನಲ್ಲಿ ತೆರೆಯುವ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಡಿಎಚ್‌ಸಿಪಿ ವಿಭಾಗದೊಳಗೆ ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸ ಬರೆದು, ಅದಕ್ಕೊಂದು ಐಪಿಯನ್ನು ಕಾಯ್ದಿರಿಸಿ. ಹಳೆಯ ವಿಳಾಸವನ್ನೇ ಕಾಯ್ದಿರಿಸಿದರೆ ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟರನ್ನು ಮತ್ತೆ ಸೇರಿಸುವ ಗೋಜು ತಪ್ಪುತ್ತದೆ. ಆದರೆ ಸದ್ಯ ಅದನ್ನು ಹಿಡಿದಿರುವ ಲ್ಯಾಪ್‌ಟಾಪ್ ಮೊದಲು ಬಿಟ್ಟುಕೊಡಬೇಕು, ಅದಕ್ಕೆ ಆ ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆದೇಶವನ್ನು ಒಮ್ಮೆ ರಿಲೀಸ್ ಜೊತೆ (ipconfig /release), ಮತ್ತೊಮ್ಮೆ ರಿನ್ಯೂ ಜೊತೆ (ipconfig /renew) ಚಲಾಯಿಸಿ. ಪ್ರಿಂಟರ್‌ನಲ್ಲೇ ಸ್ಥಿರ ವಿಳಾಸ ಉಳಿಸಿಕೊಂಡು, ರೌಟರ್ ಹಂಚುವ ವ್ಯಾಪ್ತಿಯನ್ನು 192.168.1.110ರಿಂದ ಆರಂಭಿಸುವುದೂ ಒಂದು ದಾರಿಯೇ. ನನಗೆ ಕಾಯ್ದಿರಿಸುವ ಕ್ರಮವೇ ಮೇಲೆನಿಸುತ್ತದೆ, ಏಕೆಂದರೆ ಲೆಕ್ಕವೆಲ್ಲ ಒಂದೇ ಕಡೆ ಇರುತ್ತದೆ.

ಮೊಬೈಲ್‌ಗಳಿಗೂ ಹೀಗೆ ಕಾಯ್ದಿರಿಸಲು ಹೊರಟರೆ ಒಂದು ತೊಡಕಿದೆ. ಐಒಎಸ್ 14 ಮತ್ತು ಆಂಡ್ರಾಯ್ಡ್ 10ರಿಂದೀಚೆಗೆ ಫೋನುಗಳು ಖಾಸಗಿತನದ ದೃಷ್ಟಿಯಿಂದ ವೈ-ಫೈ ಜಾಲಕ್ಕೆ ತೋರಿಕೆಯ ಮ್ಯಾಕ್ ವಿಳಾಸವನ್ನು ಕೊಡುತ್ತವೆ, ಅದು ಬದಲಾದರೆ ಕಾಯ್ದಿರಿಸಿದ್ದು ವ್ಯರ್ಥ. ಮ್ಯಾಕ್ ವಿಳಾಸದ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಕಂಡರೆ ಅದು ಇಂಥ ತೋರಿಕೆಯದೇ ಎಂದು ಬಹುಮಟ್ಟಿಗೆ ತಿಳಿಯಬಹುದು.

ಪ್ರಶ್ನೆ: ಮಹಡಿಯ ಕೋಣೆಗೆ ಸಿಗ್ನಲ್ ತಲುಪಲೆಂದು ಹಳೆಯ ರೌಟರೊಂದನ್ನು ಕೇಬಲ್ ಮೂಲಕ ಹೊಸದಕ್ಕೆ ಜೋಡಿಸಿದೆ. ಅಂದಿನಿಂದ ಮನೆಯ ಎಲ್ಲ ಸಾಧನಗಳಲ್ಲೂ ಸಂಪರ್ಕ ತಪ್ಪಿ ತಪ್ಪಿ ಬರುತ್ತಿದೆ. ಏನು ಮಾಡಲಿ?

ಉತ್ತರ: ಈಗ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗಿರಬೇಕು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು. ಸಾಲದ್ದಕ್ಕೆ ಎರಡೂ ರೌಟರ್‌ಗಳ ಸ್ವಂತ ವಿಳಾಸ 192.168.1.1 ಆಗಿದ್ದರೆ ಸಂಘರ್ಷ ಬಾಗಿಲಲ್ಲೇ ಶುರುವಾಗುತ್ತದೆ. ಹಳೆಯ ರೌಟರನ್ನು ಜಾಲದಿಂದ ಬಿಡಿಸಿ, ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿಕೊಂಡು, ಅದರಲ್ಲಿ ಆಕ್ಸೆಸ್ ಪಾಯಿಂಟ್ (ವಿಳಾಸ ಹಂಚದೆ ಸಿಗ್ನಲ್ ಮಾತ್ರ ಕೊಡುವ ವಿಧಾನ) ಎಂಬ ಆಯ್ಕೆಯಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ವಿಳಾಸವನ್ನು 192.168.1.2 ಎಂದು ಬದಲಿಸಿ, ಕೆಳಗಿನ ರೌಟರ್‌ನಿಂದ ಬಂದ ಕೇಬಲನ್ನು ವ್ಯಾನ್ (WAN, ಹೊರಗಿನ ಇಂಟರ್ನೆಟ್‌ನ) ಕಿಂಡಿಯ ಬದಲು ಲ್ಯಾನ್ (LAN, ಮನೆಯ ಜಾಲದ) ಕಿಂಡಿಗೆ ಚುಚ್ಚಿ. 192.168.1.2 ಕೆಳಗಿನ ರೌಟರ್ ಹಂಚುವ ವ್ಯಾಪ್ತಿಯ ಹೊರಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲವಾದರೆ ಮೇಲಿನ ಓದುಗರ ಪ್ರಿಂಟರ್‌ಗೆ ಆದದ್ದೇ ನಿಮ್ಮ ಹಳೆಯ ರೌಟರ್‌ಗೂ ಆದೀತು.