ಜೀನ್ ಸಾಗಣೆ, ಆ್ಯಂಟಿಬಾಡಿ ಎಂಜಿನಿಯರಿಂಗ್ ಎರಡರಲ್ಲೂ ಒಬ್ಬರೇ ಸಂಶೋಧನೆ ಮಾಡುವುದು ಹೇಗೆ?
ಒಂದು ಕೋಶಗಳೊಳಗೆ ಜೀನ್ ತಲುಪಿಸುವ ಕೆಲಸ, ಇನ್ನೊಂದು ರೋಗಾಣುಗಳನ್ನು ಹಿಡಿಯುವ ಪ್ರೋಟೀನ್‌ಗಳಾದ ಆ್ಯಂಟಿಬಾಡಿಗಳನ್ನು ಬೇಕಾದಂತೆ ಮಾರ್ಪಡಿಸುವ ಕೆಲಸ. ಎರಡೂ ಬೇರೆ ಬೇರೆ ಅನ್ನಿಸುತ್ತದೆ, ಅಲ್ವಾ? ಆದರೆ ಕೈಕೆಲಸ ಒಂದೇ: ಡಿಎನ್‌ಎ ಕತ್ತರಿಸಿ ಜೋಡಿಸುವುದು.

ವಿಜ್ಞಾನಿ ಗ್ರೆಗ್ ವಿಂಟರ್ ಅವರ ತಂಡ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1986ರಲ್ಲಿ ಮಾಡಿದ್ದನ್ನೇ ನೋಡಿ. ಇಲಿಯ ಆ್ಯಂಟಿಬಾಡಿಯನ್ನು ಹಾಗೇ ಕೊಟ್ಟರೆ ನಮ್ಮ ದೇಹ ಅದನ್ನು ಹೊರಗಿನದು ಅಂತ ಎದುರಿಸುತ್ತದೆ, ಹಾಗಾಗಿ ಗುರಿಯನ್ನು ಹಿಡಿಯುವ ತುದಿಯ ಪುಟ್ಟ ಕುಣಿಕೆಗಳನ್ನಷ್ಟೇ ಇಲಿಯದರಿಂದ ತೆಗೆದು ಮನುಷ್ಯರ ಆ್ಯಂಟಿಬಾಡಿಗೆ ಕಸಿ ಮಾಡಿದರು. ನನಗೆ ಇದು ಈಗಲೂ ಬೆರಗು. ಮುಂದೆ ಫೇಜ್ ಡಿಸ್‌ಪ್ಲೇ (ಬ್ಯಾಕ್ಟೀರಿಯಾಗೆ ತಗಲುವ ವೈರಸ್‌ಗಳ ಮೇಲೆ ಆ್ಯಂಟಿಬಾಡಿ ತುಣುಕುಗಳನ್ನು ಕೂರಿಸಿ ಬೇಕಾದದ್ದನ್ನು ಆರಿಸುವ ವಿಧಾನ) ಕೆಲಸಕ್ಕೆ ವಿಂಟರ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಜೀನ್ ಸಾಗಣೆಯಲ್ಲಿ ಎಎವಿ ಎಂಬ ವೈರಸ್‌ನ ಸ್ವಂತ ಜೀನ್‌ಗಳನ್ನು ತೆಗೆದು ಬೇಕಾದ ಜೀನ್ ತುಂಬುತ್ತಾರೆ; ವೈರಸ್ ಅದನ್ನು ಕೋಶದೊಳಗೆ ಒಯ್ಯುತ್ತದೆ. ಅದರಲ್ಲಿ ಸುಮಾರು 4,700 ಡಿಎನ್‌ಎ ಅಕ್ಷರಗಳಿಗಿಂತ ಜಾಸ್ತಿ ಹಿಡಿಸುವುದಿಲ್ಲ. ಆದರೂ ಆ್ಯಂಟಿಬಾಡಿಯನ್ನು ರೂಪಿಸುವ ಎರಡೂ ಬಗೆಯ ಪ್ರೋಟೀನ್ ಸರಪಳಿಗಳ ಜೀನ್ ಅದರೊಳಗೆ ಕೂರುತ್ತದೆ! ಆಗ ಸ್ನಾಯುವಿನ ಕೋಶಗಳೇ ಆ್ಯಂಟಿಬಾಡಿ ತಯಾರಿಸಬಲ್ಲವು.