ಮಳೆ ನಿಂತಿತೋ, ಹೊಳವಾಯಿತೋ?

ತುಮರಿಯ ಕಥೆಗಾರ್ತಿಗೆ,

ನಿಮ್ಮ ಲಾಂಚಿನ ಕಥೆ ತಲುಪಿತು. ಎರಡು ಸಲ ಓದಿದೆ. ಆಶ್ಲೇಷಾ ಮಳೆಯ ಒಂದು ಸಂಜೆ, ಉಬ್ಬಸದ ಅಜ್ಜನನ್ನು ಸಾಗರದ ಆಸ್ಪತ್ರೆಗೆ ಮುಟ್ಟಿಸಲು ಶರಾವತಿ ಹಿನ್ನೀರಿನ ಕಳಸವಳ್ಳಿ ದಡದಲ್ಲಿ ಕೊನೆಯ ಲಾಂಚ್ ಹಿಡಿಯುವ ಮನೆಯವರ ಕಥೆ. ವಸ್ತು ಒಳ್ಳೆಯದು, ಕಾಗುಣಿತ ಶುದ್ಧವಾಗಿದೆ, ಅಜ್ಜ ಕಣ್ಣಿಗೆ ಕಟ್ಟುತ್ತಾನೆ. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆದ ಮೇಲೆ ಇಂಥ ಸಂಜೆಗಳು ಇನ್ನು ಬರುವುದಿಲ್ಲ, ಯಾರಾದರೂ ಬರೆದಿಡಲೇಬೇಕು. ಅದಕ್ಕೇ ಈ ಕಥೆಯನ್ನು ಸುಮ್ಮನೆ ವಾಪಸು ಕಳಿಸಲು ಮನಸ್ಸಾಗಲಿಲ್ಲ.

ಆದರೆ 9 ಪುಟಗಳಲ್ಲಿ 11 ಕಡೆ 'ಸ್ಟಾಪ್' ಎಂದು ಬರೆದಿದ್ದೀರಿ. ಮಳೆ ಸ್ಟಾಪ್, ಹಾಲು ಸ್ಟಾಪ್, ಬಸ್ಸು ಸ್ಟಾಪ್, ಉಸಿರೂ ಸ್ಟಾಪ್. ಎರಡನೇ ಓದಿನಲ್ಲಿ ಕೆಂಪು ಪೆನ್ನು ಹಿಡಿದೇ ಕೂತೆ.

ಇಂಗ್ಲಿಷ್ ಪದ ಎಂಬ ಕಾರಣಕ್ಕೆ ನನಗೆ ತಕರಾರಿಲ್ಲ. ಹಲಗೆಯ ಮೇಲೆ ತಂಗುದಾಣ ಎಂದು ಬರೆಸಿದರೂ ನಮ್ಮ ಅಜ್ಜಿಯಂದಿರು ಬಸ್ ಸ್ಟಾಪ್ ಎಂದೇ ಅನ್ನುತ್ತಾರೆ. ನೀವು ಹಾಗೆ ಬರೆದದ್ದನ್ನು ಮುಟ್ಟಿಲ್ಲ. ಲಾಂಚ್, ಎಂಜಿನ್ ಕೂಡ ನಮ್ಮವೇ ಆಗಿವೆ. ಆದರೆ 4ನೇ ಪುಟದ ಕಂಡಕ್ಟರ್ "ಸ್ಟಾಪ್, ಸ್ಟಾಪ್" ಎಂದು ಕೂಗುತ್ತಾನಲ್ಲ, ಅವನು ಯಾವ ಊರಿನವನು? ನಮ್ಮ ಬಸ್ಸುಗಳಲ್ಲಿ ಹೊರಡಲು 'ರೈಟ್', ನಿಲ್ಲಲು 'ಹೋಲ್ಡಾನ್'. ಅದೂ ಇಂಗ್ಲಿಷಿನಿಂದಲೇ ಬಂದದ್ದು. ನೀವು ದಿನವೂ ಕೇಳಿದ ಕೂಗನ್ನು ಬಿಟ್ಟು, ಎಲ್ಲೂ ಕೇಳದ ಒಂದನ್ನು ಅವನ ಬಾಯಿಗೆ ಹಾಕಿದ್ದೀರಿ.

ಈಗ ಮೊದಲ ವಾಕ್ಯ. "ಮೂರು ಗಂಟೆಗೆ ಮಳೆ ಸ್ಟಾಪ್ ಆಯಿತು. ಅಪ್ಪ ಔಷಧಿ ಹೊಡೆಯುವವರನ್ನು ಕರೆಯಲು ಹೋದ. ನಾಲ್ಕಕ್ಕೆ ಮತ್ತೆ ಹಿಡಿಯಿತು." ಹಾಗಾದರೆ ಮಳೆ ನಿಂತಿರಲಿಲ್ಲ, ಹೊಳವಾಗಿತ್ತು, ಅಂದರೆ ಸ್ವಲ್ಪ ಹೊತ್ತು ಬಿಡುವು ಕೊಟ್ಟಿತ್ತು. ಅಡಿಕೆ ತೋಟ ಇರುವ ಮನೆಯಲ್ಲಿ ಈ ಎರಡು ಒಂದೇ ಆಗಲು ಸಾಧ್ಯವೇ? ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗಳು ಒದ್ದೆಯಿರುವಾಗ ಹೊಡೆದರೆ ಹಿಡಿಯುವುದಿಲ್ಲ. ಮೊದಲ ಸಲ ಹೊಡೆದು 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಆ ಲೆಕ್ಕದ ದಿನ ಬಂದಾಗ ಮನೆಯ ಯಜಮಾನ ಅಂಗಳದಲ್ಲಿ ನಿಂತು ಆಕಾಶ ನೋಡುವುದು ಇದನ್ನೇ: ಇದು ಬರೀ ಹೊಳವೋ, ಮಳೆ ಬಿಟ್ಟೇ ಬಿಟ್ಟಿತೋ? ನಿಮ್ಮ ಅಪ್ಪನ ಪಾತ್ರ ಹೊಳವನ್ನು ನಂಬಿ ಮನೆಯಿಂದ ಹೊರಟಿತು, ಅದರಿಂದಲೇ ಅಜ್ಜನಿಗೆ ಉಬ್ಬಸ ಏರಿದಾಗ ಮನೆಯಲ್ಲಿ ಗಂಡಸರಿಲ್ಲ, ಅದರಿಂದಲೇ ಲಾಂಚಿಗೆ ತಡ. ಕಥೆಯೆಲ್ಲ ಹುಟ್ಟುವುದು ಆ ಒಂದು ಕ್ರಿಯಾಪದದಿಂದ. ಅಲ್ಲಿ ನೀವು 'ಸ್ಟಾಪ್' ಬರೆದಿರಿ.

ಇದರಲ್ಲಿ ನನಗೆ ಇಷ್ಟು ಸಿಟ್ಟು ಬರಲು ಕಾರಣವಿದೆ. ನಾನು ಶಿವಮೊಗ್ಗದಲ್ಲಿ ಒಂದು ಪುಟ್ಟ ಪತ್ರಿಕೆಗೆ ಸೇರಿದಾಗ ಇನ್ನೂ ಅಚ್ಚುಮೊಳೆ ಜೋಡಿಸುವ ಕಾಲ. ಜುಲೈಯ ಒಂದು ರಾತ್ರಿ ಆಗುಂಬೆ ಘಾಟಿಯಲ್ಲಿ ಮರ ಬಿದ್ದ ಸುದ್ದಿ ಬರೆದೆ: ವಾಹನ ಸಂಚಾರ ಸ್ಥಗಿತ, ವಿದ್ಯುತ್ ಸ್ಥಗಿತ, ಬಸ್ ಸ್ಥಗಿತ. ಪತ್ರಿಕೆ ಭಾಷೆ ಎಂದರೆ ಅದೇ ಅಂದುಕೊಂಡಿದ್ದೆ. ನಮ್ಮ ಹಿರಿಯ ಸಂಪಾದಕರು ಓದಿ ಕೇಳಿದರು: "ಬಸ್ಸು ಘಾಟಿಯಲ್ಲಿ ನಿಂತಿದೆಯಾ, ತೀರ್ಥಹಳ್ಳಿಯಿಂದ ಬಿಟ್ಟೇ ಇಲ್ಲವಾ?" ನನಗೆ ಗೊತ್ತಿರಲಿಲ್ಲ. "ಹೋಗಿ ಕೇಳಿಕೊಂಡು ಬಾ" ಅಂದರು. ಮಳೆಯಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿದರೆ, ಒಂದು ಬಸ್ಸು ಘಾಟಿಯ 14 ತಿರುವುಗಳಲ್ಲಿ ಎಲ್ಲೋ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ಬಾಣಂತಿ ಇದ್ದಳು. ನಿಜವಾದ ಸುದ್ದಿ ಅದು. 'ಸ್ಥಗಿತ' ಎಂಬ ಪದ ಅದನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಮರುದಿನ "ನಿಂತಿತು" ಮತ್ತು "ಬಿಡಲಿಲ್ಲ" ಎಂಬ ಎರಡು ಪದಗಳು ಎರಡು ಬೇರೆ ವಾಕ್ಯಗಳಲ್ಲಿ ಅಚ್ಚಾದವು. ಇವತ್ತಿಗೂ ಆ ಪುಟ ನನ್ನ ಹತ್ತಿರ ಇದೆ.

ನನ್ನ ಆ ಸಂಸ್ಕೃತ ಪದ, ನಿಮ್ಮ ಈ ಇಂಗ್ಲಿಷ್ ಪದ ಎರಡೂ ಮಾಡಿದ್ದು ಒಂದೇ ಕೆಲಸ. ಅದರ ಮೇಲೆ ನಿಮ್ಮದಕ್ಕೆ ಸ್ವಂತ ಕಾಲೂ ಇಲ್ಲ. 'ಆಗು', 'ಮಾಡು' ಎಂಬ ಊರುಗೋಲು ಬೇಕು.

ಕೊನೆಯ ಪುಟಕ್ಕೆ ಬರುತ್ತೇನೆ. "ನಡುನೀರಿನಲ್ಲಿ ಲಾಂಚಿನ ಎಂಜಿನ್ ಸ್ಟಾಪ್ ಆಯಿತು. ಅಜ್ಜನ ಉಸಿರೂ ಸ್ಟಾಪ್ ಆಯಿತು." ಎರಡನ್ನೂ ಒಂದೇ ಪದದಲ್ಲಿ ಹೇಳಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆ ಆಸೆ ಸರಿಯಾದದ್ದೇ. ಆದರೆ ಅದಕ್ಕೆ ತಕ್ಕ ಪದ ನಿಮ್ಮ ಮನೆಯಲ್ಲೇ ಇತ್ತು. 'ನಿಲ್ಲು' ಎಂದರೆ ಮುಂದೆ ಹೋಗದಿರುವುದೂ ಹೌದು, ಎದ್ದು ನಿಂತಿರುವುದೂ ಹೌದು, ನೀರು ಹರಿಯದೆ ಮಡುಗಟ್ಟುವುದೂ ಹೌದು. 2ನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಅಜ್ಜನ ಹುಟ್ಟಿದ ಮನೆ ಮುಳುಗಡೆಯಾಗಿ ಹಿನ್ನೀರಿನ ಅಡಿಯಲ್ಲಿದೆ ಎಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಅಲ್ಲಿ ನಿಂತಿತು. ಆ ನಿಂತ ನೀರಿನ ಮೇಲೆ ಲಾಂಚ್ ನಿಲ್ಲುತ್ತದೆ, ಅದರ ಮೇಲೆ ಅಜ್ಜ. ಒಂದು ಕ್ರಿಯಾಪದ ಅರವತ್ತು ವರ್ಷವನ್ನು ಹೊತ್ತುಕೊಳ್ಳುತ್ತಿತ್ತು.

ನಾನಾದರೆ ಹೀಗೆ ಬರೆಯುತ್ತಿದ್ದೆ: "ನಡುನೀರಿನಲ್ಲಿ ಎಂಜಿನ್ ನಿಂತಿತು. ಲಾಂಚಿನ ಹೊಟ್ಟೆಗೆ ನೀರು ಬಡಿಯುವುದು ಆಗ ಕೇಳಿಸಿತು. ಅಜ್ಜನ ಎದೆಯ ಗೊರಗೊರ ಕೇಳಿಸಲಿಲ್ಲ." ಎರಡನೇ ಸಲ ನಿಲ್ಲು ಎಂದೂ ಬೇಕಾಗಲಿಲ್ಲ ನೋಡಿ. ಇದನ್ನೇ ನಕಲು ಮಾಡಬೇಡಿ. ಆ ಲಾಂಚಿನಲ್ಲಿ ನೂರು ಸಲ ಕೂತವರು ನೀವು, ಎಂಜಿನ್ ನಿಂತಾಗ ಮೊದಲು ಏನು ಕೇಳಿಸುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಉಳಿದ ಗೆರೆಗಳನ್ನು ಹಸ್ತಪ್ರತಿಯ ಮೇಲೆಯೇ ಎಳೆದು ಕಳಿಸುತ್ತಿದ್ದೇನೆ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ವಿಷಯ ಫೋನಿನಲ್ಲಾದರೂ ತಿಳಿಸಿ. "ಕೌಲೆ ಹಾಲು ಕೊಡುವುದು ಸ್ಟಾಪ್ ಆಗಿತ್ತು" ಎಂದು 3ನೇ ಪುಟದಲ್ಲಿದೆ. ಆ ಹಸುವಿನ ಹಾಲು ತಾನಾಗಿ ಬತ್ತಿತೋ? ಕರು ಹಾಕಲು ಎರಡು ತಿಂಗಳಿದೆ ಎಂದು ಮನೆಯವರೇ ಬತ್ತಿಸಿದರೋ? ಇಲ್ಲ, ಕರು ಸತ್ತು, ಸೊರೆ ಬಿಡದೆ ಹಾಲು ಇಳಿಸಲಿಲ್ಲವೋ? ಅದು ಗೊತ್ತಾಗದೆ, ಅಮ್ಮ ಕೊಟ್ಟಿಗೆಯಲ್ಲಿ ಕೂತು ಯಾಕೆ ಅಳುತ್ತಿದ್ದಾಳೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.